ಅಪ್ಪ ಸತ್ತರೆ ಅಜ್ಜನೂ ಇಲ್ಲವೇ?

ಹೋದ ತಿಂಗಳು ಸದಸ್ಯತ್ವದ ಚೀಟಿ ಹರಿಯಲೆಂದು ನಾವು ಗೊಬ್ಬೂರಕ್ಕೆ ಹೋಗಿದ್ದೆವು. ಚಹಾದಂಗಡಿಯ ಮುಂದೆ ತೊಗರಿಯ ಧಾರಣೆ, ಹಮಾಲರ ಕೂಲಿ, ಹೊತ್ತಿಗೆ ಬಾರದ ಬಸ್ಸು ಇವೇ ಮಾತು ನಡೆದಿದ್ದವು. ಹದಿಮೂರು ಹದಿನಾಲ್ಕರ ಒಬ್ಬ ಹುಡುಗ ಬಹಳ ಹೊತ್ತಿನಿಂದ ಕಂಬಕ್ಕೆ ಒರಗಿ ನಮ್ಮನ್ನೇ ನೋಡುತ್ತಿದ್ದ. ಮಂದಿ ಕರಗಿದ ಮೇಲೆ ಹತ್ತಿರ ಬಂದು ಕೇಳಿದ: "ಮಾಸ್ತರ್ರೀ, ನಮ್ಮಪ್ಪ ಸತ್ತಾನ ಅಂದ್ರ ನಮ್ಮಜ್ಜನೂ ನಮ್ಮಾಂವ ಅಲ್ಲೇನ್ರಿ?"

ಆ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಈ ವಾರ ಇಲ್ಲಿ ಕೊಡಲು ಯತ್ನಿಸುತ್ತೇವೆ. ಇದು ಒಬ್ಬ ಹುಡುಗನ ಮನೆಯ ಜಗಳವಲ್ಲ. ದುಡಿಯುವವರ ಮನೆಗಳಲ್ಲಿ ಸದ್ದಿಲ್ಲದೆ ನಡೆದುಹೋಗುವ ಒಂದು ಅನ್ಯಾಯದ ಮಾತು ಇದು.

ಸಂಗತಿ ಇಷ್ಟು. ಹುಡುಗನ ಅಜ್ಜ ಊರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಮುಸಲ್ಮಾನ. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ. ಹನ್ನೆರಡು ವರ್ಷ ಅಲ್ಲಿಂದ ಹಣ ಕಳಿಸಿದ. ಆ ಹಣದಲ್ಲಿ ಪತ್ರಾಸಿನ ಮನೆ ಇಟ್ಟಂಗಿಯ ಮನೆಯಾಯಿತು, ನೆಲಕ್ಕೆ ಫರಸಿ ಬಿತ್ತು, ರಸ್ತೆಗೆ ಹತ್ತಿ ಎರಡು ಖೋಲಿಯ ಅಂಗಡಿ ಎದ್ದಿತು. ಕಾಗದವೆಲ್ಲ ಅಪ್ಪನ ಹೆಸರಿನಲ್ಲಿ. ಮಗ ಅಪ್ಪನ ಹತ್ತಿರ ರಸೀದಿ ಕೇಳುವ ವಾಡಿಕೆ ನಮ್ಮ ಕಡೆ ಯಾವ ಜಾತಿಯಲ್ಲಿಯೂ ಇಲ್ಲ. ಒಂದು ದಿನ ಹಿರಿಯ ಮಗ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಎರಡು ವರ್ಷದ ಮೇಲೆ ಅಜ್ಜನೂ ತೀರಿಕೊಂಡ. ಅಜ್ಜಿ ಮೊದಲೇ ಹೋಗಿದ್ದಳು. ಉಳಿದವರು ಕಿರಿಯ ಮಗ, ಮಗಳು, ಮತ್ತು ಸತ್ತ ಹಿರಿಯ ಮಗನ ಹೆಂಡತಿ, ಒಬ್ಬ ಹುಡುಗ, ಒಬ್ಬ ಹುಡುಗಿ.

ಕಿರಿಯ ಮಗ ಧರ್ಮ ತಿಳಿದವರನ್ನು ಕೇಳಿದ, ವಕೀಲರನ್ನೂ ಕೇಳಿದ. ಇಬ್ಬರೂ ಒಂದೇ ಉತ್ತರ ಹೇಳಿದರು: ಮಗನೊಬ್ಬ ಬದುಕಿರುವಾಗ ಸತ್ತ ಮಗನ ಮಕ್ಕಳಿಗೆ ಹಿಸ್ಸಾ ಇಲ್ಲ. ಈಗ ಮನೆ ಅಂಗಡಿ ಮಾರುವ ಮಾತುಕತೆ ನಡೆದಿದೆ. ಹುಡುಗನ ತಾಯಿ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೂಲಿಗೆ ಹೋಗುತ್ತಾಳೆ. ಮನೆ ಮಾರಾಟವಾದ ದಿನ ಅವಳು ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಲ್ಲ.

ಲೆಕ್ಕ ಹಲಗೆಯ ಮೇಲೆ

ಮಾಸ್ತರಿಕೆ ಮಾಡಿದವರಿಗೆ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸದಿದ್ದರೆ ಸಮಾಧಾನವಿಲ್ಲ. ಮನೆ ಅಂಗಡಿ ಸೇರಿ 15 ಲಕ್ಷ ರೂಪಾಯಿ ಬೆಲೆ ಎಂದು ಇಟ್ಟುಕೊಳ್ಳೋಣ. ಮುಸ್ಲಿಂ ವಾರಸಾ ಶಾಸ್ತ್ರದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹಿರಿಯ ಮಗ ಬದುಕಿದ್ದರೆ ಅವನಿಗೆ 6 ಲಕ್ಷ, ತಮ್ಮನಿಗೆ 6 ಲಕ್ಷ, ತಂಗಿಗೆ 3 ಲಕ್ಷ ಬರುತ್ತಿತ್ತು. ಅವನು ಅಪ್ಪನಿಗಿಂತ ಎರಡು ವರ್ಷ ಮೊದಲು ಸತ್ತ ಕಾರಣಕ್ಕೆ ತಮ್ಮನಿಗೆ 10 ಲಕ್ಷ, ತಂಗಿಗೆ 5 ಲಕ್ಷ. ಅನಾಥ ಮಕ್ಕಳಿಗೆ ಸೊನ್ನೆ.

ಅವನು ಅಪ್ಪನ ಮಾರನೆಯ ದಿನ ಸತ್ತಿದ್ದರೆ? ಆಗ 6 ಲಕ್ಷ ಅವನದಾಗಿ, ಅವನಿಂದ ಅವನ ಹೆಂಡತಿ ಮಕ್ಕಳಿಗೆ ಇಳಿಯುತ್ತಿತ್ತು. ಒಂದು ಮನೆಯ ಭವಿಷ್ಯ ಎರಡು ಸಾವುಗಳಲ್ಲಿ ಯಾವುದು ಮೊದಲು ಎಂಬುದರ ಮೇಲೆ ನಿಂತಿದೆ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಹಿರಿಯ ಮಗ ಸತ್ತಾಗ ಅವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸ್ವಲ್ಪ ಹಣವಿತ್ತು. ಅದರಲ್ಲಿ ಆರರಲ್ಲಿ ಒಂದು ಪಾಲು ಶಾಸ್ತ್ರದಂತೆ ಅವನ ತಂದೆಗೆ, ಎಂದರೆ ಈ ಅಜ್ಜನಿಗೆ, ಸೇರಿತು. ಮಗನ ಸೊತ್ತಿನಿಂದ ಅಜ್ಜನ ಮನೆಗೆ ಪಾಲು ಏರಿ ಬಂತು. ಅಜ್ಜನ ಮನೆಯಿಂದ ಮಗನ ಮಕ್ಕಳಿಗೆ ಮಾತ್ರ ಇಳಿಯಲಿಲ್ಲ.

ಶಾಸ್ತ್ರದ ಸೂತ್ರ ಸರಳವಾದದ್ದು: ಹತ್ತಿರದವನು ದೂರದವನನ್ನು ತಡೆಯುತ್ತಾನೆ. ಮಗ ಒಂದು ಮೆಟ್ಟಿಲು, ಮೊಮ್ಮಗ ಎರಡು ಮೆಟ್ಟಿಲು. ಹೀಗೆ ತಡೆಯಲ್ಪಟ್ಟವನಿಗೆ 'ಮಹಜೂಬ್' ಎಂದು ಹೆಸರು. ಗಂಡುಮಕ್ಕಳು ಒಬ್ಬರೂ ಉಳಿಯದಿದ್ದರೆ ಮಗನ ಮಕ್ಕಳು ಒಳಗೆ ಬರುತ್ತಾರೆ. ಒಬ್ಬಳೇ ಮಗಳೂ ಸತ್ತ ಮಗನ ಒಬ್ಬಳು ಮಗಳೂ ಇದ್ದರೆ, ಮಗಳಿಗೆ ಅರ್ಧ, ಮೊಮ್ಮಗಳಿಗೆ ಆರರಲ್ಲಿ ಒಂದು. ಆದರೆ ಒಬ್ಬನೇ ಒಬ್ಬ ಮಗ ಉಳಿದಿದ್ದರೂ ಬಾಗಿಲು ಮುಚ್ಚಿತು. ಶಿಯಾ ಪಂಥದಲ್ಲಿಯೂ ಈ ವಿಷಯದಲ್ಲಿ ಹತ್ತಿರದವನೇ ಮೇಲು. ಮಗಳ ಮಕ್ಕಳ ಗತಿ ಸುನ್ನಿ ಶಾಸ್ತ್ರದಲ್ಲಿ ಇನ್ನೂ ಕಡೆ. ಅವರನ್ನು ದೂರದ ಬಂಧುಗಳೆಂದು ಎಣಿಸಿ ಎಲ್ಲರ ಹಿಂದೆ ನಿಲ್ಲಿಸಲಾಗಿದೆ.

ನಮ್ಮ ದೇಶದಲ್ಲಿ 1937ರ ಶರೀಯತ್ ಕಾಯಿದೆಯಂತೆ ಮುಸಲ್ಮಾನರ ವಾರಸಾ ವಿಚಾರ ನಡೆಯುತ್ತದೆ. ನಮ್ಮದು ಹಳೆಯ ಹೈದರಾಬಾದ ಸೀಮೆ. 1959ರ ಇನ್ನೊಂದು ಕಾಯಿದೆಯ ಮೂಲಕ ಅದು ಇಲ್ಲಿಗೂ ವಿಸ್ತರಿಸಿತು. ಬೇಸಾಯದ ಜಮೀನನ್ನು 1937ರ ಕಾಯಿದೆ ಹೊರಗಿಟ್ಟಿದೆ. ಮನೆ, ಅಂಗಡಿ, ಹಣ, ಒಡವೆ ಇವೆಲ್ಲ ಅದರೊಳಗೆ ಬರುತ್ತವೆ.

ಬೈಯುವುದಕ್ಕೆ ಅಲ್ಲ

ಇಷ್ಟು ಓದಿದ ಕೂಡಲೇ ನಮ್ಮ ಹಿಂದೂ ವಾಚಕರಲ್ಲಿ ಕೆಲವರು ತಲೆ ಅಲ್ಲಾಡಿಸಿ "ನೋಡಿದಿರಾ ಅವರ ಧರ್ಮ" ಎನ್ನಬಹುದು. ಅವರಿಗೆ ಒಂದು ಮಾತು. ಮಗಳಿಗೆ ತಂದೆಯ ಆಸ್ತಿಯಲ್ಲಿ ನಿಶ್ಚಿತ ಪಾಲೆಂದು ಇಸ್ಲಾಂ ಹೇಳಿ ಸಾವಿರದ ಮುನ್ನೂರು ವರ್ಷಕ್ಕೂ ಮೇಲಾಯಿತು. ಹಿಂದೂ ಮಗಳಿಗೆ ಮಗನ ಸಂಗಡ ವಾರಸಾ ಹಕ್ಕು ಸಿಕ್ಕದ್ದು 1956ರಲ್ಲಿ. ಕೂಡುಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮನಾಗಿ ನಿಂತದ್ದು ನಮ್ಮ ರಾಜ್ಯದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ. ಕಾಯಿದೆ ಬಂದ ಮೇಲೂ ತಂಗಿಯಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡು ಒಂದು ಸೀರೆ ಕೊಟ್ಟು ಕಳಿಸುವ ಅಣ್ಣಂದಿರು ನಮ್ಮ ನಡುವೆ ಎಷ್ಟು ಜನ ಇಲ್ಲ?

ಮೊಮ್ಮಕ್ಕಳ ವಿಷಯದಲ್ಲಿ ಹಿಂದೂ ಕಾಯಿದೆ ನೆಟ್ಟಗಿದೆ ಎಂಬುದೂ ನಿಜ. 1956ರ ಕಾಯಿದೆಯಂತೆ ಸತ್ತ ಮಗನ ಜಾಗದಲ್ಲಿ ಅವನ ಹೆಂಡತಿ ಮಕ್ಕಳು ನಿಲ್ಲುತ್ತಾರೆ. ಸತ್ತ ಮಗಳ ಜಾಗದಲ್ಲಿ ಅವಳ ಮಕ್ಕಳು ನಿಲ್ಲುತ್ತಾರೆ. ನಮ್ಮ ಹಲಗೆಯ ಲೆಕ್ಕ ಹಿಂದೂ ಮನೆಯ ಅಪ್ಪನ ಸ್ವಂತ ಗಳಿಕೆಯದಾಗಿದ್ದರೆ ಮೂರು ಕವಲಿಗೂ 5 ಲಕ್ಷ ಬರುತ್ತಿತ್ತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಹೀಗೆಯೇ ಸತ್ತ ಮಗನ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತದೆ.

ಹಳೆಯ ಮುಸ್ಲಿಂ ಶಾಸ್ತ್ರಕಾರರು ಕಲ್ಲೆದೆಯವರಾಗಿದ್ದರೇ? ಅಲ್ಲ. ಅವರ ಕಾಲದ ಅರಬ್ ಸಮಾಜದಲ್ಲಿ ಅನಾಥನನ್ನು ಬಳಗ ಹೊರುತ್ತಿತ್ತು. ಅಪ್ಪ ಸತ್ತ ಮಗುವಿನ ಆಸ್ತಿಗೆ ಅಜ್ಜನೇ ಪೋಷಕನೆಂದು ಶಾಸ್ತ್ರ ಇಂದಿಗೂ ಹೇಳುತ್ತದೆ. ಬಡ ಅನಾಥನ ಅನ್ನ ಬಟ್ಟೆಯ ಹೊಣೆಯನ್ನು ಹನಫೀ ಶಾಸ್ತ್ರ ಉಳ್ಳ ಹತ್ತಿರದ ಬಂಧುವಿನ ಮೇಲೆ ಹಾಕುತ್ತದೆ. ಕಾಕಾ ಆಸ್ತಿ ತೆಗೆದುಕೊಳ್ಳುತ್ತಾನೆ, ಅದರ ಜೊತೆಗೆ ಅಣ್ಣನ ಮಕ್ಕಳನ್ನೂ ತೆಗೆದುಕೊಳ್ಳುತ್ತಾನೆ ಎಂಬುದು ಅದರ ಹಿಂದಿನ ನಂಬಿಕೆ. ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಕೊಡಿಸುವ ಏರ್ಪಾಡು ಅದಾಗಿತ್ತು.

ಈಗ ಏನಾಗಿದೆ? ಕಾಕಾ ಹೈದರಾಬಾದಿನಲ್ಲಿ, ಅಣ್ಣನ ಮಕ್ಕಳು ಗೊಬ್ಬೂರದಲ್ಲಿ. ಆಸ್ತಿ ಕಾಕಾನದೆಂದು ನ್ಯಾಯಾಲಯ ಡಿಕ್ರಿ ಕೊಡುತ್ತದೆ. ಅಣ್ಣನ ಮಕ್ಕಳನ್ನು ಸಾಕು ಎಂದು ಯಾವ ಅಮೀನನೂ ಬಂದು ಬಾಗಿಲು ತಟ್ಟುವುದಿಲ್ಲ. ಶಾಸ್ತ್ರದ ಅರ್ಧ ಜೀವಂತವಾಗಿದೆ, ಇನ್ನರ್ಧ ಸತ್ತಿದೆ. ಜೀವಂತವಾಗಿರುವ ಅರ್ಧ ಯಾರ ಕಡೆಗಿದೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನಿಗಿಂತ ಮೊದಲು ಸಾಯುವವನು ಯಾರು?

ಸಮಾಜವಾದಿಗಳಾದ ನಾವು ಈ ಪ್ರಶ್ನೆಯನ್ನು ಎತ್ತಿಕೊಂಡ ಕಾರಣ ಇಲ್ಲಿದೆ. ಬಂಗಲೆಯಲ್ಲಿರುವವನ ಮಗ ಸಾಧಾರಣವಾಗಿ ಅಪ್ಪನನ್ನು ಮಣ್ಣು ಮಾಡಿಯೇ ಸಾಯುತ್ತಾನೆ. ಕಟ್ಟಡದ ತುದಿಯಲ್ಲಿ ನಿಂತು ಕಬ್ಬಿಣ ಕಟ್ಟುವವನ, ಕಲ್ಲುಗಣಿಯ ಧೂಳು ಕುಡಿಯುವವನ, ರಾತ್ರಿ ಲಾರಿ ಹೊಡೆಯುವವನ ಮನೆಯಲ್ಲಿ ಸಾವಿಗೆ ಸರದಿ ಇಲ್ಲ. ಮುಪ್ಪಿನ ಅಪ್ಪ ಹಾಸಿಗೆಯ ಮೇಲಿರುತ್ತಾನೆ, ದುಡಿಯುವ ಮಗ ಹೊರಟುಹೋಗುತ್ತಾನೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಎಂಥೆಂಥ ಪ್ರಾಯದವರನ್ನು ಹೂಳಿದೆವು, ಸುಟ್ಟೆವು ಎಂಬುದು ಎಲ್ಲರಿಗೂ ನೆನಪಿದೆ.

ನಮ್ಮ ಜಿಲ್ಲೆಗೆ ಇನ್ನೂ ಹಳೆಯ ನೆನಪೊಂದಿದೆ. 1948ರ ಸೆಪ್ಟೆಂಬರಿಗೆ ಮೊದಲು ರಜಾಕಾರರ ಹಾವಳಿಯಲ್ಲಿ ಹಿಂದೂ ಮನೆಗಳು ಗಂಡಸರನ್ನು ಕಳೆದುಕೊಂಡವು. ಪೋಲಿಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೆ ಮುಸಲ್ಮಾನರ ಮನೆಗಳು ಕಳೆದುಕೊಂಡವು. ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಪ್ರಾಣಹಾನಿ ಅತಿ ಹೆಚ್ಚೆಂದು ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಬರೆಯಿತು. ಎರಡೂ ಕಡೆ ಮಕ್ಕಳು ಅನಾಥರಾದರು. ಹಿಂದೂ ಮನೆಯ ಅನಾಥನಿಗೆ ಅಜ್ಜನ ಆಸ್ತಿಯಲ್ಲಿ ಅಪ್ಪನ ಪಾಲು ನಿಂತಿತು. ಮುಸಲ್ಮಾನ ಮನೆಯ ಅನಾಥನಿಗೆ, ಕಾಕಾ ಒಬ್ಬ ಬದುಕಿದ್ದರೆ, ಅದೂ ನಿಲ್ಲಲಿಲ್ಲ. ಕತ್ತಿ ಅಪ್ಪನನ್ನು ಕಸಿದರೆ ಕಾಯಿದೆ ಅಜ್ಜನನ್ನು ಕಸಿಯಿತು.

ಇದಕ್ಕಿಂತ ಮುಖ್ಯವಾದ ಮಾತು ಬೆವರಿನದು. ಮುಸ್ಲಿಂ ಶಾಸ್ತ್ರದಲ್ಲಿ ಹಿಂದೂಗಳಂಥ ಕೂಡುಕುಟುಂಬದ ಆಸ್ತಿ ಎಂಬುದಿಲ್ಲ. ಕಾಗದ ಯಾರ ಹೆಸರಿನಲ್ಲಿದೆಯೋ ಆಸ್ತಿ ಅವನದು. ಆದರೆ ನಮ್ಮ ಊರುಗಳಲ್ಲಿ ಮುಸಲ್ಮಾನನೂ ಲಿಂಗಾಯತನೂ ಕುರುಬನೂ ದುಡಿಯುವ ರೀತಿ ಒಂದೇ. ಮಗ ದುಡಿದು ತಂದು ಅಪ್ಪನ ಕೈಗೆ ಹಾಕುತ್ತಾನೆ. ಆ ಗೊಬ್ಬೂರದ ಮನೆಯ ಗೋಡೆಯಲ್ಲಿ ಹನ್ನೆರಡು ವರ್ಷದ ಪುಣೆಯ ಕೂಲಿ ಇದೆ. ಕಾಗದದ ಮೇಲೆ ಅದು ಅಜ್ಜನ ಮನೆ. ಅಜ್ಜ ಸತ್ತಾಗ ಅದು ಕಾಕಾನ ಮನೆ. ಗೋಡೆ ಕಟ್ಟಿದವನ ಮಕ್ಕಳು ಮಾತ್ರ ಹೊರಗಿನವರು!

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹಕ್ಕೆ ನಿಂತಾಗ ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಅಲ್ಲಿಯ ವಾದ ಏನು? ಪಹಣಿಯಲ್ಲಿ ಹೆಸರು ಯಾರದೇ ಇರಲಿ, ಬೆವರು ಸುರಿಸಿದವನಿಗೆ ನೆಲದ ಮೇಲೆ ಹಕ್ಕಿದೆ ಎಂಬುದು. ಅದೇ ವಾದವನ್ನು ಮನೆಯ ಹೊಸ್ತಿಲ ಒಳಗೂ ನಡೆಸಬೇಕು. ಧಣಿಯ ಮುಂದೆ ಒಂದು ನ್ಯಾಯ, ತಮ್ಮನ ಮುಂದೆ ಇನ್ನೊಂದು ನ್ಯಾಯ ಎಂದರೆ ಅದು ಸಮಾಜವಾದವಲ್ಲ.

ಮಿಲ್ಲಿನ ಕಾಯಿದೆಗೆ ತಿಳಿದದ್ದು

ನಮ್ಮ ಕಾರ್ಮಿಕ ಬಂಧುಗಳಿಗೆ ಒಂದು ಸಂಗತಿ ಗೊತ್ತಿದ್ದೂ ಗೊತ್ತಿಲ್ಲದಂತಿದೆ. 1952ರ ಭವಿಷ್ಯನಿಧಿ ಯೋಜನೆಯಲ್ಲಿ ಕಾರ್ಮಿಕನ 'ಕುಟುಂಬ' ಎಂದರೆ ಯಾರು ಎಂದು ಬರೆದಿದೆ: ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ, ಮತ್ತು ತೀರಿಹೋದ ಮಗನ ಹೆಂಡತಿ ಮಕ್ಕಳು. ಯಾರ ಹೆಸರನ್ನೂ ಸೂಚಿಸದೆ ಕಾರ್ಮಿಕ ಸತ್ತರೆ, ಆ ಸತ್ತ ಮಗನಿಗೆ ಸಿಗಬಹುದಾಗಿದ್ದ ಒಂದು ಪಾಲನ್ನು ಅವನ ವಿಧವೆಯೂ ಮಕ್ಕಳೂ ಸಮನಾಗಿ ಹಂಚಿಕೊಳ್ಳಬೇಕು ಎಂದಿದೆ. ವಯಸ್ಸಿಗೆ ಬಂದವರ ವಿಷಯದಲ್ಲಿ ಕೆಲವು ಮಿತಿಗಳುಂಟು. 1972ರ ಗ್ರಾಚ್ಯುಯಿಟಿ ಕಾಯಿದೆಯೂ ಸತ್ತ ಮಗನ ವಿಧವೆ ಮತ್ತು ಮಕ್ಕಳನ್ನು ಕುಟುಂಬದೊಳಗೆ ಸೇರಿಸಿತ್ತು.

ಇಲ್ಲಿ ಹಿಂದೂ ಕಾರ್ಮಿಕ, ಮುಸ್ಲಿಂ ಕಾರ್ಮಿಕ ಎಂಬ ಭೇದವಿಲ್ಲ. ಈ ಕಾಯಿದೆಗಳಿಂದ ಮುಸಲ್ಮಾನ ಕಾರ್ಮಿಕನ ಧರ್ಮ ಕೆಟ್ಟಿತೆಂದು ಯಾರೂ ಕೂಗಿದ್ದನ್ನು ನಾವು ಕೇಳಿಲ್ಲ. ಭವಿಷ್ಯನಿಧಿಯ ಕಚೇರಿಗೆ ಅನಾಥ ಮೊಮ್ಮಗ ಕುಟುಂಬದವನಾದರೆ, ಮನೆ ಮುರಿದು ಪಾಲು ಮಾಡುವಾಗ ಅವನು ಹೇಗೆ ಪರಕೀಯನಾದ?

ಮುಸ್ಲಿಂ ದೇಶಗಳು ಏನು ಮಾಡಿದವು?

"ಇದು ದೇವರ ಕಾಯಿದೆ, ಇದನ್ನು ಮುಟ್ಟಬಾರದು" ಎಂಬ ಮಾತು ಬರುತ್ತದೆ. ಗೌರವದಿಂದಲೇ ಅದಕ್ಕೆ ಉತ್ತರ ಹೇಳಬೇಕು. ಮಗ, ಮಗಳು, ತಂದೆ, ತಾಯಿ, ಗಂಡ, ಹೆಂಡತಿ ಇವರ ಪಾಲುಗಳನ್ನು ಕುರಾನು ಎಣಿಸಿ ಹೇಳಿದೆ. ಆದರೆ ಅಪ್ಪ ಸತ್ತ ಮೊಮ್ಮಗನಿಗೆ ಕಾಕಾ ಇರುವಾಗ ಏನೂ ಇಲ್ಲ ಎಂಬ ನೇರ ಮಾತು ಅದರಲ್ಲಿಲ್ಲ. ನಿಶ್ಚಿತ ಪಾಲುಗಳನ್ನು ಕೊಟ್ಟು ಉಳಿದದ್ದು ಹತ್ತಿರದ ಗಂಡಸಿಗೆ ಎಂಬ ಹದೀಸಿನಿಂದಲೂ, ಪ್ರವಾದಿಯವರ ಸಂಗಡಿಗರಾದ ಜೈದ್ ಬಿನ್ ಸಾಬಿತ್ ಅವರ ಅಭಿಪ್ರಾಯದಿಂದಲೂ ಶಾಸ್ತ್ರಕಾರರು ಈ ಸೂತ್ರವನ್ನು ಕಟ್ಟಿದರು. ಅದೇ ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿ, ಪಾಲು ಹಂಚುವಾಗ ಬಂಧುಗಳು, ಅನಾಥರು, ಬಡವರು ಬಂದು ನಿಂತರೆ ಅವರಿಗೂ ಕೊಡಿ, ಅವರೊಡನೆ ಒಳ್ಳೆಯ ಮಾತಾಡಿ ಎಂಬ ಆದೇಶವಿದೆ. ಅನಾಥರ ಸೊತ್ತು ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಎರಡನೆಯ ಅಧ್ಯಾಯದಲ್ಲಿ, ಸಾಯುವವನು ಬಂಧುಗಳಿಗೆ ವಸಿಯತ್ ಮಾಡಬೇಕೆಂಬ ಮಾತಿದೆ.

ಈ ಕೊನೆಯ ಮಾತನ್ನು ಹಿಡಿದುಕೊಂಡು ಈಜಿಪ್ತ್ ದೇಶ ದಾರಿ ಮಾಡಿತು. ವಾರಸಾ ಸಿಗದ ಬಂಧುಗಳಿಗೆ ವಸಿಯತ್ ಮಾಡುವುದು ಕಡ್ಡಾಯವೆಂದು ಹನ್ನೊಂದನೆಯ ಶತಮಾನದ ಇಬ್ನ್ ಹಜ್ಮ್ ಎಂಬ ಪಂಡಿತರು ವಾದಿಸಿದ್ದರು. ಅದನ್ನು ಆಧಾರವಾಗಿಟ್ಟು ಈಜಿಪ್ತ್ 1946ರಲ್ಲಿ ವಸಿಯತ್ ಕಾಯಿದೆ ಮಾಡಿತು. ಅಜ್ಜ ಬರೆಯದೆ ಸತ್ತರೂ, ಬರೆದಿದ್ದಾನೆಂದೇ ತಿಳಿದು, ಸತ್ತ ಮಗನ ಮಕ್ಕಳಿಗೆ ಅವರ ಅಪ್ಪನ ಪಾಲನ್ನು ಒಟ್ಟು ಆಸ್ತಿಯ ಮೂರನೆಯ ಒಂದು ಭಾಗ ಮೀರದಂತೆ ಕೊಡಿಸಬೇಕೆಂದಿತು. ಸತ್ತ ಮಗಳ ಮಕ್ಕಳಿಗೂ ಇದು ಸಿಕ್ಕಿತು. 1953ರಲ್ಲಿ ಸಿರಿಯಾ ಇದನ್ನೇ ಮಾಡಿತು, ಮಗಳ ಮಕ್ಕಳನ್ನು ಮಾತ್ರ ಬಿಟ್ಟಿತು. ತುನೀಸಿಯಾ, ಮೊರೊಕ್ಕೊ ಹಿಂದೆಯೇ ಬಂದವು. ಮೊರೊಕ್ಕೊ 2004ರಲ್ಲಿ ಮಗಳ ಮಕ್ಕಳನ್ನೂ ಸೇರಿಸಿತು. ಇಂಡೋನೇಷ್ಯಾ 1991ರಲ್ಲಿ ಸತ್ತವನ ಜಾಗದಲ್ಲಿ ಅವನ ಮಕ್ಕಳು ನಿಲ್ಲಬಹುದೆಂದಿತು.

ನಮ್ಮ ನೆರೆಯ ಪಾಕಿಸ್ತಾನ 1961ರ ಕುಟುಂಬ ಕಾಯಿದೆಯ ನಾಲ್ಕನೆಯ ಕಲಮಿನಲ್ಲಿ ಇನ್ನೂ ನೇರವಾಗಿ ನಡೆಯಿತು. ಸತ್ತ ಮಗನಾಗಲಿ ಮಗಳಾಗಲಿ, ಬದುಕಿದ್ದರೆ ಏನು ಸಿಗುತ್ತಿತ್ತೋ ಅದು ಅವರ ಮಕ್ಕಳಿಗೆ. ಅಂದು ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾದೇಶದಲ್ಲಿಯೂ ಅದು ಉಳಿದುಬಂದಿದೆ. ಪಾಕಿಸ್ತಾನದ ಫೆಡರಲ್ ಶರೀಯತ್ ನ್ಯಾಯಾಲಯ 2000ದಲ್ಲಿ ಈ ಕಲಮು ಧರ್ಮಕ್ಕೆ ಹೊಂದುವುದಿಲ್ಲವೆಂದು ತೀರ್ಪಿತ್ತಿತು, ಅದರ ಮೇಲೆ ಅಪೀಲು ಹೋಯಿತು. ಅಲ್ಲಿಯೂ ವಾದ ಮುಗಿದಿಲ್ಲ ಎಂಬುದನ್ನು ನಾವು ಮುಚ್ಚಿಡುವುದಿಲ್ಲ.

ಆ ಕಲಮಿನಲ್ಲಿ ಒಂದು ತೊಡಕೂ ಉಂಟು. ಒಬ್ಬಳು ಮಗಳು, ಸತ್ತ ಮಗನ ಒಬ್ಬಳು ಮಗಳು ಇದ್ದರೆಂದು ಇಟ್ಟುಕೊಳ್ಳಿ. ಮೊಮ್ಮಗಳು ಅಪ್ಪನ ಎರಡು ಪಾಲು ಹಿಡಿದು ಬರುತ್ತಾಳೆ. ಸ್ವಂತ ಮಗಳಿಗೆ ಒಂದೇ ಪಾಲು. ಮಗಳಿಗಿಂತ ಮೊಮ್ಮಗಳಿಗೆ ಇಮ್ಮಡಿ ಹೋಗುವುದು ಸರಿಯೇ ಎಂದು ವಿರೋಧಿಗಳು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಈಜಿಪ್ತಿನ ದಾರಿಯಲ್ಲಿ ಮೂರನೆಯ ಒಂದು ಭಾಗದ ಕಟ್ಟು ಇರುವುದರಿಂದ ಈ ತೊಡಕು ಅಷ್ಟು ಬೆಳೆಯುವುದಿಲ್ಲ.

ನಮ್ಮ ಹಲಗೆಗೆ ಮರಳೋಣ. ಗೊಬ್ಬೂರದ ಅನಾಥರಿಗೆ ಪಾಕಿಸ್ತಾನದ ಕಲಮಿನಂತೆ 6 ಲಕ್ಷ: ಹುಡುಗನಿಗೆ 4, ಹುಡುಗಿಗೆ 2. ಈಜಿಪ್ತಿನ ಕಾಯಿದೆಯಂತೆ 5 ಲಕ್ಷ, ಏಕೆಂದರೆ 15ರ ಮೂರನೆಯ ಒಂದು ಭಾಗ 5. ಉಳಿದ 10 ಲಕ್ಷದಲ್ಲಿ ಕಾಕಾನಿಗೆ ಸುಮಾರು 6 ಲಕ್ಷ 67 ಸಾವಿರ, ಅತ್ತೆಗೆ ಸುಮಾರು 3 ಲಕ್ಷ 33 ಸಾವಿರ. ಅಣ್ಣ ಬದುಕಿದ್ದರೆ ತಮ್ಮನಿಗೆ ಸಿಗುತ್ತಿದ್ದದ್ದು 6 ಲಕ್ಷ. ಎಂದರೆ ಅನಾಥರಿಗೆ ಕೊಟ್ಟೂ ತಮ್ಮನಿಗೆ ನಷ್ಟವಿಲ್ಲ. ಅಣ್ಣನ ಸಾವಿನಿಂದ ಬಂದ ಲಾಭವೊಂದೇ ಕಡಿಮೆಯಾಗುವುದು.

ನಮ್ಮ ದೇಶದಲ್ಲಿಯೂ ಸಾಧ್ಯವಿದೆ

ಭಾರತದ ಮುಸಲ್ಮಾನರು ತಮ್ಮ ಕಾಯಿದೆಯನ್ನು ಎಂದೂ ತಿದ್ದಿಕೊಂಡಿಲ್ಲ ಎಂಬುದು ಸುಳ್ಳು. ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸುತ್ತಿದ್ದ ರೂಢಿಗಳನ್ನು ತಡೆಯಲೆಂದೇ 1937ರ ಕಾಯಿದೆ ಬಂದಿತು. 1939ರಲ್ಲಿ ಹೆಂಗಸರಿಗೆ ವಿವಾಹ ವಿಚ್ಛೇದನೆಯ ಹಕ್ಕು ಕೊಡುವ ಕಾಯಿದೆ ಬಂದಾಗ, ಹನಫೀ ಶಾಸ್ತ್ರದಲ್ಲಿ ಸಿಗದ ಪರಿಹಾರವನ್ನು ಮಾಲಿಕೀ ಶಾಸ್ತ್ರದಿಂದ ತೆಗೆದುಕೊಂಡರು. ಅದಕ್ಕೆ ದಾರಿ ತೋರಿಸಿದವರು ದೊಡ್ಡ ಮೌಲವಿಗಳೇ. ಅಂದು ಹೆಂಗಸರ ಕಣ್ಣೀರಿಗೆ ತೆರೆದ ಬಾಗಿಲು ಇಂದು ಅನಾಥರಿಗೆ ಏಕೆ ತೆರೆಯಬಾರದು?

ಸಮಾಜವಾದಿ ಚಳವಳಿಯಿಂದಲೇ ಬಂದ ಹಮೀದ್ ದಳವಾಯಿ ಅವರು 1966ರಲ್ಲಿ ಏಳು ಮಂದಿ ಮುಸ್ಲಿಂ ಹೆಂಗಸರೊಡನೆ ಮುಂಬಯಿಯ ವಿಧಾನಭವನಕ್ಕೆ ಮೆರವಣಿಗೆ ಹೋದರು. ಬೇಡಿಕೆ ತಲಾಖಿನದಾಗಿತ್ತು. ಏಳೇ ಜನ! ನಕ್ಕವರು ಬಹಳ. ಆ ಮಾತನ್ನು ದೇಶ ಮರೆಯಲಿಲ್ಲ.

ಇಂದು ಸಮಾನ ನಾಗರಿಕ ಸಂಹಿತೆಯ ಗದ್ದಲವಿದೆ. 2025ರ ಜನವರಿಯಿಂದ ಉತ್ತರಾಖಂಡದಲ್ಲಿ ಅಂಥ ಕಾಯಿದೆ ಜಾರಿಗೆ ಬಂದಿದೆ. ಅದರಲ್ಲಿ ಸತ್ತ ಮಕ್ಕಳ ಮಕ್ಕಳಿಗೆ ಪಾಲಿದೆ. ಎಲ್ಲರಿಗೂ ಒಂದೇ ನ್ಯಾಯ ಎಂಬ ತತ್ತ್ವಕ್ಕೆ ನಾವು ಹೆದರುವವರಲ್ಲ. ಲೋಹಿಯಾ ಅವರೂ ಹೆದರಿರಲಿಲ್ಲ. ಆದರೆ ಮುಸಲ್ಮಾನನ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ ಎಂದು ಸಾರುವ ಬಾಯಿಂದಲೇ ಮುಸಲ್ಮಾನ ಅನಾಥನ ಮೇಲಿನ ಕರುಣೆ ಬಂದರೆ ನಂಬುವವರು ಯಾರು? ಹಾಗೆಯೇ, ಅವರು ಕೇಳುತ್ತಾರೆಂಬ ಕಾರಣಕ್ಕೆ ನಾವು ಬಾಯಿ ಮುಚ್ಚಿಕೊಂಡರೆ ಅನಾಥನಿಗೆ ಎರಡು ಸಲ ಅನ್ಯಾಯ ಮಾಡಿದಂತೆ. ನಮ್ಮ ಬೇಡಿಕೆ ಸ್ಪಷ್ಟ. ಪಾರ್ಲಿಮೆಂಟು 1937ರ ಕಾಯಿದೆಗೆ ಒಂದು ಕಲಮು ಸೇರಿಸಲಿ. ಸತ್ತ ಮಗನ ಮಕ್ಕಳಿಗೂ, ಸತ್ತ ಮಗಳ ಮಕ್ಕಳಿಗೂ ಈಜಿಪ್ತಿನ ಮಾದರಿಯ ಕಡ್ಡಾಯ ವಸಿಯತ್ ಬರಲಿ. ಈ ಬೇಡಿಕೆ ಮುಸ್ಲಿಂ ಕಾರ್ಮಿಕರ, ಮುಸ್ಲಿಂ ವಿಧವೆಯರ ಬಾಯಿಂದ ಬರಲಿ. ಅವರ ಹಿಂದೆ ನಾವೆಲ್ಲ ನಿಲ್ಲೋಣ.

ಕಾಯಿದೆ ಬರುವ ತನಕ

ಕಾಯಿದೆ ಬರಲು ವರ್ಷಗಳು ಬೇಕು. ಅಜ್ಜಂದಿರ ಆಯುಷ್ಯ ಅಲ್ಲಿಯ ತನಕ ಕಾಯುವುದಿಲ್ಲ. ಆದ್ದರಿಂದ, ಮಗನನ್ನು ಕಳೆದುಕೊಂಡು ಮೊಮ್ಮಕ್ಕಳನ್ನು ಇಟ್ಟುಕೊಂಡಿರುವ ಹಿರಿಯರಿಗೆ ನಾವು ಕೈಮುಗಿದು ಹೇಳುವುದೇನೆಂದರೆ:

ಒಂದು, ವಸಿಯತ್ ಬರೆಯಿರಿ. ಮಣ್ಣಿನ ಖರ್ಚು, ಸಾಲ ತೀರಿಸಿ ಉಳಿದ ಆಸ್ತಿಯ ಮೂರನೆಯ ಒಂದು ಭಾಗವನ್ನು ವಾರಸುದಾರನಲ್ಲದವನಿಗೆ ಯಾರ ಒಪ್ಪಿಗೆಯೂ ಇಲ್ಲದೆ ಬರೆಯಬಹುದು. ಮಗ ಬದುಕಿರುವಾಗ ಸತ್ತ ಮಗನ ಮಕ್ಕಳು ವಾರಸುದಾರರಲ್ಲ. ಅವರನ್ನು ಹೊರಗಿಡುವ ಸೂತ್ರವೇ ಇಲ್ಲಿ ಅವರಿಗೆ ಬಾಗಿಲು ತೆರೆಯುತ್ತದೆ. ಬಾಯಿಮಾತಿನ ವಸಿಯತ್ ಕೂಡ ನಡೆಯುತ್ತದೆ, ಆದರೆ ಬಾಯಿಮಾತನ್ನು ನಂಬಬೇಡಿ. ಕಾಗದದ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಎರಡು, ಮೂರನೆಯ ಒಂದಕ್ಕಿಂತ ಹೆಚ್ಚು ಕೊಡಬೇಕೆಂದಿದ್ದರೆ ಬದುಕಿದ್ದಾಗಲೇ ಹಿಬಾ ಮಾಡಿ. ದಾನಕ್ಕೆ ಮಿತಿ ಇಲ್ಲ. ಕೊಟ್ಟೆನೆಂದು ಹೇಳಬೇಕು, ತೆಗೆದುಕೊಂಡೆನೆಂದು ಒಪ್ಪಬೇಕು, ಸ್ವಾಧೀನ ಬಿಡಬೇಕು. ಚಿಕ್ಕ ಮಕ್ಕಳಿಗೆ ಅಜ್ಜನೇ ಪೋಷಕನಾಗಿದ್ದರೆ ಸ್ವಾಧೀನದ ನಿಯಮ ಸಡಿಲವಾಗಿದೆ. ಆದರೂ ವಕೀಲರನ್ನು ಕೇಳಿಯೇ ಮಾಡಿ. ಮರಣಶಯ್ಯೆಯ ಮೇಲಿನ ಹಿಬಾಕ್ಕೆ ವಸಿಯತ್ತಿನಂತೆಯೇ ಮೂರನೆಯ ಒಂದರ ಕಟ್ಟು ಬೀಳುತ್ತದೆ. ಆದ್ದರಿಂದ ಕೈಕಾಲು ಗಟ್ಟಿ ಇರುವಾಗಲೇ ಮುಗಿಸಿ.

ಮೂರು, ಗಂಡಹೆಂಡತಿ ತಮ್ಮ ಹಳೆಯ ಮದುವೆಯನ್ನೇ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ನೋಂದಾಯಿಸಿದರೆ, ಅವರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಒಬ್ಬ ಮುಸ್ಲಿಂ ವಕೀಲರು ತಮ್ಮ ಮೂವರು ಹೆಣ್ಣುಮಕ್ಕಳಿಗೆ ಪೂರ್ತಿ ಆಸ್ತಿ ಸಿಗಲೆಂದು 2023ರ ಮಾರ್ಚ್ 8ರಂದು ತಮ್ಮ ಹೆಂಡತಿಯನ್ನೇ ಈ ರೀತಿ ಮತ್ತೊಮ್ಮೆ ಮದುವೆಯಾದರು. ಅವರ ಚಿಂತೆ ಹೆಣ್ಣುಮಕ್ಕಳದು, ದಾರಿ ಮೊಮ್ಮಕ್ಕಳಿಗೂ ಒದಗುತ್ತದೆ. ಎಲ್ಲರಿಗೂ ಇದು ಒಪ್ಪಿಗೆಯಾಗಲಿಕ್ಕಿಲ್ಲ. ದಾರಿ ಇದೆ ಎಂಬುದು ತಿಳಿದಿರಲಿ.

ಬಡವನಿಗೆ ಇವೆಲ್ಲ ಗೊತ್ತಿಲ್ಲ. ಗೊತ್ತಿದ್ದರೂ "ನಾಳೆ ಬರೆಸೋಣ" ಎನ್ನುತ್ತಾನೆ. ವಸಿಯತ್ ಬರೆದರೆ ಸಾವು ಬರುತ್ತದೆಂಬ ಅಂಜಿಕೆ ಬೇರೆ. ಆದ್ದರಿಂದಲೇ ಬರಿಯ ಉಪದೇಶ ಸಾಲದು, ಕಾಯಿದೆ ಬೇಕು ಎನ್ನುತ್ತೇವೆ. ಮಸೀದಿ ಕಮಿಟಿಗಳಿಗೂ ನಮ್ಮ ಬಿನ್ನಹವಿದೆ: ಊರಲ್ಲಿ ದುಡಿಯುವ ಮಗ ತೀರಿಕೊಂಡಾಗ, ನಲ್ವತ್ತನೆಯ ದಿನ ಕಳೆದ ಮೇಲೆ, ಮುದುಕ ತಂದೆಯನ್ನು ಕೂರಿಸಿಕೊಂಡು ಒಂದು ಹಾಳೆಯ ವಸಿಯತ್ ಬರೆಸಿ. ಇದಕ್ಕೆ ಯಾವ ಪಂಥದ ಮೌಲವಿಯೂ ಅಡ್ಡಿ ಹೇಳಲಾರರು.

ಕೊನೆಯ ಮಾತು ಗೊಬ್ಬೂರದ ಆ ತಮ್ಮನಿಗೆ. ನೀವು ನಮ್ಮ ಪತ್ರಿಕೆಯ ಚಂದಾದಾರರು, ಇದನ್ನು ಓದುತ್ತೀರೆಂದು ಬಲ್ಲೆವು. ನೀವು ಕೆಟ್ಟವರಲ್ಲ. ಕಾಯಿದೆ ಕೇಳಿದಿರಿ, ಕಾಯಿದೆ ಹೇಳಿದಂತೆ ನಡೆಯುತ್ತಿದ್ದೀರಿ. ನಿಮಗೂ ಮಕ್ಕಳಿದ್ದಾರೆ, ಮೇಲೆ ಸಾಲವಿದೆ. ಆದರೆ ಕಾಯಿದೆ ನಿಮಗೆ ತೆಗೆದುಕೊಳ್ಳಲು ಅನುಮತಿ ಕೊಟ್ಟಿದೆ, ಕೊಡಬೇಡಿ ಎಂದು ಆಜ್ಞೆ ಮಾಡಿಲ್ಲ. ಪಾಲು ಹಂಚುವ ಹೊತ್ತಿಗೆ ಅನಾಥರು ಬಂದು ನಿಂತರೆ ಕೊಡಿ ಎಂಬ ಮಾತು ನಿಮ್ಮ ಗ್ರಂಥದ್ದೇ. ಆ ಅನಾಥರು ಎಲ್ಲಿಂದಲೋ ಬಂದವರಲ್ಲ. ಅವರಪ್ಪನ ಕೂಲಿಯ ಫರಸಿಯ ಮೇಲೆಯೇ ನಿಂತಿದ್ದಾರೆ. ಎರಡು ಖೋಲಿಯ ಅಂಗಡಿಯಲ್ಲಿ ಒಂದು ಖೋಲಿಯನ್ನು ಆ ಮಕ್ಕಳ ಹೆಸರಿಗೆ ಮಾಡಿ. ತಂಗಿಯನ್ನೂ ಕೇಳಿ, ಅವಳು ಒಪ್ಪುತ್ತಾಳೆಂದು ನಮಗೆ ತಿಳಿದುಬಂದಿದೆ.

ಮುಂದಿನ ಸಲ ಗೊಬ್ಬೂರಕ್ಕೆ ಬಂದಾಗ ಆ ಹುಡುಗ ಮತ್ತೆ ಕಂಬಕ್ಕೆ ಒರಗಿ ನಿಂತಿರುತ್ತಾನೆ. ಅವನಿಗೆ ನಾವು ಕೊಡುವ ಉತ್ತರ ಈಗ ನಿಮ್ಮ ಕೈಯಲ್ಲಿದೆ.